ಕನೆಕ್ಷನ್ ಮುಗಿದದ್ದಕ್ಕೆ ಲೈಸೆನ್ಸ್ ಕೊಂಡರೆ?

ಡೇಟಾಬೇಸ್ ಸರ್ವರ್, ಅಂದರೆ ಮಾಹಿತಿ ಕೂಡಿಟ್ಟು ಕೇಳಿದವರಿಗೆ ಕೊಡುವ ತಂತ್ರಾಂಶ, ತನ್ನೊಡನೆ ಕನೆಕ್ಷನ್ (ಮಾತಾಡುವ ಕೊಂಡಿ) ಬಯಸಿದ ಹೊಸಬರನ್ನು ಬಾಗಿಲಲ್ಲೇ ತಡೆಯುವಾಗ ಏನು ಹೇಳುತ್ತದೆ ಎಂಬುದನ್ನು ಒಮ್ಮೆ ಗಮನವಿಟ್ಟು ಓದಬೇಕು. ಮೈಎಸ್‌ಕ್ಯೂಎಲ್ 1040 ಎಂಬ ದೋಷಸಂಖ್ಯೆ ಕೊಟ್ಟು 'ಕನೆಕ್ಷನ್‌ಗಳು ಹೆಚ್ಚಾದವು' ಎನ್ನುತ್ತದೆ. ಒರಾಕಲ್ ಓಆರ್‌ಎ-00020 ಎಂದು ಶುರುಮಾಡಿ ಪ್ರೋಸೆಸ್‌ಗಳ (ಯಂತ್ರದಲ್ಲಿ ಓಡುತ್ತಿರುವ ಪ್ರೋಗ್ರಾಂಗಳ) ಮಿತಿ ದಾಟಿತು ಎನ್ನುತ್ತದೆ. ಪೋಸ್ಟ್‌ಗ್ರೆಸ್ ಮಾತ್ರ ಮೊದಲು 'ಸಾರಿ' ಕೇಳಿ, ಈಗಾಗಲೇ ತುಂಬ ಜನ ಒಳಗಿದ್ದಾರೆ ಎಂದು ತಿಳಿಸುತ್ತದೆ. ಡೇಟಾಬೇಸ್‌ಗಳ ಪೈಕಿ ಇಷ್ಟು ಸಭ್ಯವಾದದ್ದನ್ನು ನಾನು ಬೇರೆ ಕಂಡಿಲ್ಲ. ಮೈಕ್ರೋಸಾಫ್ಟ್‌ನ ಡಾಟ್‌ನೆಟ್‌ನಲ್ಲಿ ಕಟ್ಟಿದ ಅಪ್ಲಿಕೇಶನ್ ಆದರೆ, ಪೂಲ್‌ನಿಂದ (ತೆರೆದಿಟ್ಟು ಸರದಿಯಲ್ಲಿ ಹಂಚುವ ಕನೆಕ್ಷನ್‌ಗಳ ಗುಂಪಿನಿಂದ) ಕನೆಕ್ಷನ್ ಸಿಗುವುದರೊಳಗೆ ಕಾಯುವ ಸಮಯ ಮುಗಿಯಿತು ಎಂಬ ಉದ್ದನೆಯ ವಾಕ್ಯ ಬರುತ್ತದೆ. ಈ ನಾಲ್ಕರಲ್ಲಿ ಒಂದರಲ್ಲೂ ಲೈಸೆನ್ಸ್ ಎಂಬ ಮಾತಿಲ್ಲ.

ಆದರೂ ಪರದೆಯ ಮೇಲೆ ಇಂಥ ದೋಷ ಕಂಡ ಕೂಡಲೇ ಏಳುವ ಮೊದಲ ಪ್ರಶ್ನೆ, 'ನಮ್ಮ ಲೈಸೆನ್ಸ್ ಎಷ್ಟು ಯೂಸರ್‌ಗಳಿಗಿದೆ?' ಎಂಬುದು. ಎರಡನೆಯದು, 'ದೊಡ್ಡ ಎಡಿಷನ್‌ಗೆ ಹೋದರೆ ಸರಿಹೋಗುತ್ತದಾ?' ಎಂಬುದು. ಹಲವು ಸಲ ಮೂರನೆಯ ಪ್ರಶ್ನೆ ಏಳುವ ಮುಂಚೆಯೇ ಖರೀದಿಯ ಕಡತ ಮುಂದೆ ಹೋಗಿರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆ ಇಲ್ಲಿಗೆ ಹೇಳಿಮಾಡಿಸಿದಂತಿದೆ, ಏಕೆಂದರೆ ಲೈಸೆನ್ಸ್ ಲೆಕ್ಕವೇ ಬೇರೆ, ಕನೆಕ್ಷನ್ ಲೆಕ್ಕವೇ ಬೇರೆ. ಒಂದನ್ನು ಇಡುವುದು ಒಪ್ಪಂದದ ಕಾಗದ, ಇನ್ನೊಂದನ್ನು ಇಡುವುದು ಯಂತ್ರದ ಮೆಮೊರಿ. ಬಹುಪಾಲು ಸರ್ವರ್‌ಗಳಲ್ಲಿ ಒಂದು ಏನು ಎಣಿಸುತ್ತಿದೆ ಎಂಬುದು ಇನ್ನೊಂದಕ್ಕೆ ಗೊತ್ತೇ ಇರುವುದಿಲ್ಲ.

ಇದಕ್ಕೆ ಪುರಾವೆ ಹುಡುಕಲು ದೂರ ಹೋಗಬೇಕಿಲ್ಲ. ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರ್ ಒಂದು ಇನ್‌ಸ್ಟೆನ್ಸ್‌ಗೆ (ಓಡುತ್ತಿರುವ ಒಂದು ಪ್ರತಿಗೆ) ಏಕಕಾಲಕ್ಕೆ ಬಿಟ್ಟುಕೊಳ್ಳುವ ಯೂಸರ್ ಕನೆಕ್ಷನ್‌ಗಳು ಹೆಚ್ಚೆಂದರೆ 32,767. ಅತಿ ದುಬಾರಿಯ ಎಂಟರ್‌ಪ್ರೈಸ್ ಎಡಿಷನ್‌ನಲ್ಲೂ ಅಷ್ಟೇ, ಪುಕ್ಕಟೆ ಸಿಗುವ ಎಕ್ಸ್‌ಪ್ರೆಸ್‌ನಲ್ಲೂ ಅಷ್ಟೇ. ದುಡ್ಡು ಕೊಟ್ಟ ಮಾತ್ರಕ್ಕೆ ಅದರ ಮೇಲೆ ಒಂದೇ ಒಂದು ಹೆಚ್ಚುವರಿ ಕನೆಕ್ಷನ್ ಸಿಗುವುದಿಲ್ಲ. ಅತ್ತ ಪೋಸ್ಟ್‌ಗ್ರೆಸ್‌ಗೆ ಲೈಸೆನ್ಸ್ ಶುಲ್ಕವೆಂಬುದೇ ಇಲ್ಲ. ಆದರೂ ಇನ್‌ಸ್ಟಾಲ್ ಮಾಡಿ ಹಾಗೆಯೇ ಬಿಟ್ಟರೆ ಅದು 100 ಕನೆಕ್ಷನ್‌ಗೆ ಬಾಗಿಲು ಹಾಕುತ್ತದೆ, ಆ 100ರಲ್ಲೂ 3 ಸೂಪರ್‌ಯೂಸರ್‌ಗೆಂದು (ಎಲ್ಲ ಅಧಿಕಾರವಿರುವ ನಿರ್ವಾಹಕರಿಗೆಂದು) ಮೀಸಲು. ಮೈಎಸ್‌ಕ್ಯೂಎಲ್‌ನಲ್ಲಿ ಆ ಅಂಕಿ 151. ಶುಲ್ಕವಿಲ್ಲದ ಕಡೆ ಮಿತಿ ಬಿಗಿಯಾಗಿದೆ, ಶುಲ್ಕವಿರುವ ಕಡೆ ಸಡಿಲವಾಗಿದೆ ಎಂದ ಮೇಲೆ ಮಿತಿಯ ಬೇರು ಶುಲ್ಕದಲ್ಲಿಲ್ಲ ಎಂದಾಯಿತಲ್ಲ.

ಹಾಗಾದರೆ ಈ ತಪ್ಪು ತಿಳಿವಳಿಕೆ ಹುಟ್ಟಿದ್ದು ಎಲ್ಲಿ? ಗಾಳಿಯಿಂದ ಹುಟ್ಟಿದ್ದಲ್ಲ. ಒಂದು ಕಾಲಕ್ಕೆ ಅದು ನಿಜವೇ ಆಗಿತ್ತು.

ಕುರ್ಚಿ ಎಣಿಸುತ್ತಿದ್ದ ಕಾಲ

1990ರ ದಶಕದಲ್ಲಿ ಡೇಟಾಬೇಸ್‌ಗೆ ಕನೆಕ್ಟ್ ಆಗುವುದೆಂದರೆ ಒಬ್ಬ ಮನುಷ್ಯ ತನ್ನ ಮೇಜಿನ ಕಂಪ್ಯೂಟರಿನಲ್ಲಿ ಒಂದು ಪ್ರೋಗ್ರಾಂ ತೆರೆದು ಕೂರುವುದು. ಬೆಳಿಗ್ಗೆ ತೆರೆದ ಕನೆಕ್ಷನ್ ಸಂಜೆ ಮನೆಗೆ ಹೊರಡುವವರೆಗೂ ತೆರೆದೇ ಇರುತ್ತಿತ್ತು. ಮನುಷ್ಯರೆಷ್ಟೋ ಕನೆಕ್ಷನ್ ಅಷ್ಟು. ಹೀಗಾಗಿ ಕನೆಕ್ಷನ್ ಎಣಿಸಿ ಹಣ ಕೇಳುವುದು ಮಾರುವವರಿಗೂ ಸರಿಕಂಡಿತ್ತು, ಕೊಳ್ಳುವವರಿಗೂ ಅರ್ಥವಾಗುತ್ತಿತ್ತು. ವಿಂಡೋಸ್ ಎನ್‌ಟಿ ಸರ್ವರ್ ಹಾಕುವಾಗಲೇ 'ಪರ್ ಸರ್ವರ್' ಅಥವಾ 'ಪರ್ ಸೀಟ್' ಎಂಬ ಆಯ್ಕೆ ಎದುರಾಗುತ್ತಿತ್ತು. ಮೊದಲನೆಯದನ್ನು ಆರಿಸಿದರೆ ಏಕಕಾಲದ ಕನೆಕ್ಷನ್‌ಗಳ ಲೆಕ್ಕ. ಒರಾಕಲ್‌ನಲ್ಲಿ ಲೈಸೆನ್ಸ್ ಮ್ಯಾಕ್ಸ್ ಸೆಷನ್ಸ್ ಎಂಬ ಪ್ಯಾರಾಮೀಟರ್ ಇತ್ತು: ಕೊಂಡಷ್ಟು ಸೆಷನ್‌ಗಳ (ಲಾಗಿನ್ ಆಗಿ ತೆರೆದಿಟ್ಟ ಕನೆಕ್ಷನ್‌ಗಳ) ಅಂಕಿಯನ್ನು ಅಲ್ಲಿ ಬರೆದಿಟ್ಟರೆ, ಅದು ತುಂಬಿದ ಮೇಲೆ ಬಂದ ಸಾಮಾನ್ಯ ಯೂಸರ್‌ಗೆ ಪ್ರವೇಶವಿಲ್ಲ. ಅಲ್ಲಿಗೆ ಒಪ್ಪಂದದ ಕಾಗದವೂ ಯಂತ್ರವೂ ಒಂದೇ ಅಂಕಿಯನ್ನು ನೋಡುತ್ತಿದ್ದವು.

ವೆಬ್ ಬಂದದ್ದೇ ಈ ಲೆಕ್ಕ ಕುಸಿಯಿತು. ನಡುವೆ ಒಂದು ಅಪ್ಲಿಕೇಶನ್ ಸರ್ವರ್ ನಿಂತಿತು. ಅದು 10 ಕನೆಕ್ಷನ್ ತೆರೆದಿಟ್ಟುಕೊಂಡು, ಬಂದವರಿಗೆಲ್ಲ ಅದನ್ನೇ ಸರದಿಯಲ್ಲಿ ಕೊಟ್ಟು ತೆಗೆದು ಕೆಲಸ ನಡೆಸತೊಡಗಿತು. ಹತ್ತು ಸಾವಿರ ಜನ ಬಳಸಿದರೂ ಡೇಟಾಬೇಸ್‌ಗೆ ಕಾಣುವುದು ಆ 10 ಮಾತ್ರ. ಕನೆಕ್ಷನ್ ಎಣಿಸಿ ಹಣ ಕೇಳುತ್ತಿದ್ದವರ ಕೈಗೆ ಏನೂ ಹತ್ತದಂತಾಯಿತು. ಒರಾಕಲ್ ಏಕಕಾಲದ ಸೆಷನ್ ಆಧಾರದ ಲೈಸೆನ್ಸ್ ಮಾರುವುದನ್ನೇ ಬಿಟ್ಟಿತು. ಆ ಪ್ಯಾರಾಮೀಟರ್ ಇನ್ನು ಬೇಕಿಲ್ಲ ಎಂದು ತನ್ನ ಕೈಪಿಡಿಯಲ್ಲೇ ಬರೆಯಿತು. ಫೈಲ್‌ಮೇಕರ್‌ನಂಥ ಕೆಲವು ಡೇಟಾಬೇಸ್ ಉತ್ಪನ್ನಗಳು ಏಕಕಾಲದ ಕನೆಕ್ಷನ್ ಲೆಕ್ಕವನ್ನು ಈಗಲೂ ಒಂದು ಆಯ್ಕೆಯಾಗಿ ಇಟ್ಟುಕೊಂಡಿವೆ. ಉಳಿದಂತೆ ಆ ಪದ್ಧತಿ ಹೋಗಿದೆ. ಜನರ ತಲೆಯಲ್ಲಿ ಮಾತ್ರ ಉಳಿದುಕೊಂಡಿದೆ.

ಈಗ ಎಣಿಸುತ್ತಿರುವುದು ಏನನ್ನು?

ಮುಖ್ಯವಾಗಿ ಎರಡನ್ನು: ಒಂದೋ ಪ್ರೊಸೆಸರಿನ ಕೋರ್ (ಚಿಪ್ಪಿನೊಳಗೆ ಲೆಕ್ಕ ಮಾಡುವ ಘಟಕ), ಇಲ್ಲವೇ ಮನುಷ್ಯ.

ಕೋರ್ ಲೆಕ್ಕ ನೋಡಲು ಸರಳ. ಎಸ್‌ಕ್ಯೂಎಲ್ ಸರ್ವರ್ 2012ರ ಆವೃತ್ತಿ ಬರುವವರೆಗೂ ಪ್ರೊಸೆಸರ್ ಎಣಿಸುತ್ತಿತ್ತು. ಒಂದು ಚಿಪ್ಪಿನೊಳಗೆ ಎಷ್ಟು ಕೋರ್ ಇದ್ದರೂ ಒಂದೇ ಎಂದು 2004ರಲ್ಲಿ ಮೈಕ್ರೋಸಾಫ್ಟೇ ಘೋಷಿಸಿತ್ತು. ಚಿಪ್ಪಿನೊಳಗಿನ ಕೋರ್‌ಗಳು ಎರಡಾಗಿ, ನಾಲ್ಕಾಗಿ, ಎಂಟಾಗುತ್ತ ಹೋದಂತೆ ಆ ಔದಾರ್ಯ ದುಬಾರಿಯಾಗಿರಬೇಕು. 2012ರಿಂದ ಕೋರ್ ಲೆಕ್ಕ ಬಂತು: ಎರಡೆರಡು ಕೋರ್‌ಗಳ ಕಟ್ಟು, ಒಂದು ಪ್ರೊಸೆಸರಿಗೆ ಕನಿಷ್ಠ 4 ಕೋರ್. ವರ್ಚುವಲ್ ಮಷೀನ್‌ಗೂ (ತಂತ್ರಾಂಶದಲ್ಲಿ ಕಟ್ಟಿದ ಕಂಪ್ಯೂಟರಿಗೂ) ಅದೇ ಕನಿಷ್ಠ. 2 ಕೋರ್‌ನ ಪುಟ್ಟ ಮಷೀನ್ ಕಟ್ಟಿ ದುಡ್ಡು ಉಳಿಸಿದೆ ಎಂದುಕೊಂಡವರು 4ಕ್ಕೆ ತೆರಬೇಕು. ಕೋರ್ ಲೆಕ್ಕದಲ್ಲಿ ಕೊಂಡವರಿಗೆ ಯೂಸರ್‌ಗಳ ಸಂಖ್ಯೆಯ ಚಿಂತೆಯಿಲ್ಲ. ಇಡೀ ಜಗತ್ತೇ ಬಂದು ಬಳಸಿದರೂ ಕಾಗದದ ಪ್ರಕಾರ ಸರಿ. ಜಗತ್ತು ಬಂದರೆ ಯಂತ್ರ ತಡೆದೀತೇ ಎಂಬುದು ಬೇರೆ ಮಾತು.

ಒರಾಕಲ್‌ನದು ಇನ್ನೂ ಒಂದು ಸುತ್ತು ಹೆಚ್ಚು. ಕೋರ್‌ಗಳ ಸಂಖ್ಯೆಯನ್ನು ಒಂದು ಗುಣಾಂಕದಿಂದ ಗುಣಿಸಬೇಕು. ಇಂಟೆಲ್‌ನ ಎಕ್ಸ್86 ಚಿಪ್ಪುಗಳಿಗೆ ಅದು 0.5. ಅಂದರೆ 16 ಕೋರ್‌ನ ಸರ್ವರ್ ಲೈಸೆನ್ಸ್ ಲೆಕ್ಕದಲ್ಲಿ 8 ಪ್ರೊಸೆಸರ್. ಮನುಷ್ಯರ ಲೆಕ್ಕದಲ್ಲಿ ಕೊಳ್ಳುತ್ತೇನೆ ಎಂದರೆ ಎಂಟರ್‌ಪ್ರೈಸ್ ಎಡಿಷನ್‌ಗೆ ಪ್ರತಿ ಪ್ರೊಸೆಸರಿಗೆ ಕನಿಷ್ಠ 25 'ನೇಮ್ಡ್ ಯೂಸರ್ ಪ್ಲಸ್'. ಎಂಟು ಇಪ್ಪತ್ತೈದಲೆ 200. ನಿಮ್ಮಲ್ಲಿ ಆ ಡೇಟಾಬೇಸ್ ಮುಟ್ಟುವವರು ಬರೀ 30 ಜನ ಇದ್ದರೂ 200ಕ್ಕೆ ತೆರಬೇಕು. ಮೂಗಿಗಿಂತ ಮೂಗುತಿ ಭಾರವಾಗುವುದು ಹೀಗೆ: ಬೇಕಾದದ್ದಕ್ಕಿಂತ ದೊಡ್ಡ ಸರ್ವರ್ ಅಗ್ಗಕ್ಕೆ ಸಿಕ್ಕಿತೆಂದು ತಂದರೆ, ಅದರೊಳಗಿನ ಹೆಚ್ಚುವರಿ ಕೋರ್‌ಗಳು ಸುಮ್ಮನೆ ಕೂತೇ ಲೈಸೆನ್ಸ್ ತಿನ್ನುತ್ತವೆ.

ಮನುಷ್ಯರ ಲೆಕ್ಕಕ್ಕೆ ಬಂದರೆ, ಎಲ್ಲರೂ ಎಡವುವ ಕಲ್ಲು ಇಲ್ಲಿದೆ. ನೇಮ್ಡ್ ಯೂಸರ್ ಎಂದರೆ ಈ ಕ್ಷಣ ಲಾಗಿನ್ ಆಗಿರುವವರು ಅಲ್ಲ. ಬಳಸಲು ಅನುಮತಿ ಇರುವ ಪ್ರತಿಯೊಬ್ಬರೂ. ವರ್ಷಕ್ಕೊಮ್ಮೆ ವರದಿ ನೋಡುವವರೂ ಸೇರಿದರು. ಒರಾಕಲ್‌ನ ವ್ಯಾಖ್ಯೆಯಲ್ಲಿ ಮನುಷ್ಯರು ನಡೆಸದ ಸಾಧನಗಳೂ ಲೆಕ್ಕಕ್ಕೆ ಬರುತ್ತವೆ. ಮೈಕ್ರೋಸಾಫ್ಟ್‌ನಲ್ಲಿ ಸರ್ವರ್‌ಗೊಂದು ಲೈಸೆನ್ಸ್, ಅದರ ಮೇಲೆ ಪ್ರತಿ ಯೂಸರ್‌ಗೋ ಪ್ರತಿ ಸಾಧನಕ್ಕೋ ಒಂದು 'ಕ್ಯಾಲ್', ಅಂದರೆ ಕ್ಲೈಂಟ್ ಆ್ಯಕ್ಸೆಸ್ ಲೈಸೆನ್ಸ್. ಒಂದೇ ಯಂತ್ರದ ಮುಂದೆ ಮೂರು ಪಾಳಿಯಲ್ಲಿ ಮೂವರು ಕೂರುವುದಾದರೆ ಸಾಧನದ ಕ್ಯಾಲ್ ಲಾಭ. ಒಬ್ಬರೇ ಲ್ಯಾಪ್‌ಟಾಪು, ಫೋನು, ಟ್ಯಾಬ್ಲೆಟ್ ಮೂರರಲ್ಲೂ ನೋಡುವುದಾದರೆ ಯೂಸರ್ ಕ್ಯಾಲ್ ಲಾಭ. ಈ ಕ್ಯಾಲ್‌ಗಳನ್ನು ಸರ್ವರ್ ಎಣಿಸುವುದಿಲ್ಲ ಎಂಬುದು ಗೊತ್ತಿರಲಿ. 50 ಕ್ಯಾಲ್ ಕೊಂಡು 500 ಜನ ಬಳಸಿದರೂ 51ನೆಯವರಿಗೆ ಬಾಗಿಲು ಮುಚ್ಚುವುದಿಲ್ಲ, ದೋಷವೂ ಬರುವುದಿಲ್ಲ. ಬರುವುದು ಲೆಕ್ಕ ತೋರಿಸಿ ಎಂಬ ಆಡಿಟ್ ಪತ್ರ, ಯಾವಾಗಲೋ.

ಹಾಗಾದರೆ ನಡುವೆ ಒಂದು ಅಪ್ಲಿಕೇಶನ್ ಇಟ್ಟು, ಎಲ್ಲರನ್ನೂ ಒಂದೇ ಲಾಗಿನ್‌ನಲ್ಲಿ ಹಾಯಿಸಿದರೆ ಒಂದೇ ಕ್ಯಾಲ್ ಸಾಕಲ್ಲ? ಈ ಉಪಾಯ ಹೊಳೆಯದವರಿಲ್ಲ. ಮಾರುವವರಿಗೂ ಹೊಳೆದಿದೆ. ಇದಕ್ಕೆ ಮಲ್ಟಿಪ್ಲೆಕ್ಸಿಂಗ್ ಎಂದು ಹೆಸರಿಟ್ಟು, ಅದರಿಂದ ಬೇಕಾದ ಲೈಸೆನ್ಸ್‌ಗಳ ಸಂಖ್ಯೆ ಕಡಿಮೆಯಾಗದು ಎಂದು ಮೈಕ್ರೋಸಾಫ್ಟೂ ಒರಾಕಲ್ಲೂ ನಿಯಮದಲ್ಲೇ ಬರೆದಿವೆ. ಎಣಿಕೆ ನಡೆಯುವುದು ಕನೆಕ್ಷನ್ ಪೂಲ್‌ನ ಈಚೆಗಲ್ಲ, ಆಚೆಗೆ, ಮನುಷ್ಯರು ನಿಂತಿರುವ ಬದಿಯಲ್ಲಿ. ಒಬ್ಬ ನೌಕರ ವರದಿಯನ್ನು ಅಚ್ಚುಹಾಕಿ ಇನ್ನೊಬ್ಬರ ಕೈಗೆ ಕೊಟ್ಟರೆ ಆ ಇನ್ನೊಬ್ಬರಿಗೆ ಕ್ಯಾಲ್ ಬೇಡ. ಅದೇ ವರದಿಯನ್ನು ಪ್ರೋಗ್ರಾಂ ತಾನಾಗಿ ತಲುಪಿಸಿದರೆ ಬೇಕು. ಈ ಗೆರೆ ಎಳೆದವರ ತಾಳ್ಮೆಯನ್ನು ಮೆಚ್ಚಬೇಕು.

ಇದು ಬರೀ ಪುಸ್ತಕದ ಬದನೆಕಾಯಿ ಎಂದುಕೊಳ್ಳುವವರು ಇಂಗ್ಲೆಂಡಿನ ಹೈಕೋರ್ಟಿನ ಮುಂದೆ ಬಂದ ಒಂದು ಪ್ರಕರಣ ನೋಡಬೇಕು. ವಿವಾದ ಡೇಟಾಬೇಸ್ ಸರ್ವರಿನದಲ್ಲ, ಎಸ್‌ಎಪಿ ಎಂಬ ವ್ಯವಹಾರ ತಂತ್ರಾಂಶದ್ದು. ಆದರೆ ತರ್ಕ ಅದೇ. ಮದ್ಯ ತಯಾರಿಸುವ ಡಿಯಾಜಿಯೋ ಕಂಪನಿ ತನ್ನ ಮಾರಾಟ ಪ್ರತಿನಿಧಿಗಳಿಗೂ ಗಿರಾಕಿಗಳಿಗೂ ಸೇಲ್ಸ್‌ಫೋರ್ಸ್ ಎಂಬ ಕ್ಲೌಡ್ ತಂತ್ರಾಂಶದ ಮೇಲೆ ಎರಡು ಅಪ್ಲಿಕೇಶನ್ ಕಟ್ಟಿತ್ತು. ಅವು ಹಿಂದಿನಿಂದ ಎಸ್‌ಎಪಿ ಜತೆ ಮಾತಾಡುತ್ತಿದ್ದವು. ಆ ಅಪ್ಲಿಕೇಶನ್ ಬಳಸುವವರೂ ನಮ್ಮ ನೇಮ್ಡ್ ಯೂಸರ್‌ಗಳೇ ಎಂದು ಎಸ್‌ಎಪಿ ಕೇಳಿದ ಮೊತ್ತ 5.4 ಕೋಟಿ ಪೌಂಡ್ ದಾಟಿತ್ತು. 2017ರ ಫೆಬ್ರವರಿಯಲ್ಲಿ ಬಂದ ತೀರ್ಪು, ಪರೋಕ್ಷ ಬಳಕೆಯೂ ಬಳಕೆಯೇ, ಹೆಚ್ಚುವರಿ ಶುಲ್ಕ ಕೊಡಬೇಕು ಎಂದಿತು. ಮೊತ್ತದ ತೀರ್ಮಾನವನ್ನು ಮುಂದಕ್ಕಿಟ್ಟಿತು. ಅಲ್ಲಿ ಯಾವ ಸರ್ವರೂ 'ಕನೆಕ್ಷನ್ ಮುಗಿಯಿತು' ಎಂದು ಕೂಗಿರಲಿಲ್ಲ. ಎಲ್ಲ ಸಲೀಸಾಗಿ ನಡೆಯುತ್ತಿತ್ತು.

ಸರ್ವರ್ ಕೂಗುತ್ತಿಲ್ಲ ಎಂದ ಮಾತ್ರಕ್ಕೆ ಲೈಸೆನ್ಸ್ ಸರಿಯಿದೆ ಎಂದಲ್ಲ. ಅದು ಕೂಗಿತು ಎಂದ ಮಾತ್ರಕ್ಕೆ ಲೈಸೆನ್ಸ್ ಸಾಲದು ಎಂದೂ ಅಲ್ಲ.

ಕನೆಕ್ಷನ್ ಯಾಕೆ ಮುಗಿಯುತ್ತದೆ

ಪೋಸ್ಟ್‌ಗ್ರೆಸ್ ಪ್ರತಿ ಕನೆಕ್ಷನ್‌ಗೂ ಆಪರೇಟಿಂಗ್ ಸಿಸ್ಟಮ್‌ನ ಒಂದು ಪೂರ್ತಿ ಪ್ರೋಸೆಸ್ ಹುಟ್ಟಿಸುತ್ತದೆ. ಏನೂ ಮಾಡದೆ ಕೂತರೂ ಅದು ಒಂದಿಷ್ಟು ಮೆಮೊರಿ ಹಿಡಿದಿರುತ್ತದೆ. ಮೇಲಾಗಿ, ಕ್ವೆರಿಯೊಳಗಿನ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆಯೊಳಗಿನ) ಪ್ರತಿ ಸಾರ್ಟಿಂಗಿಗೂ ವರ್ಕ್ ಮೆಮ್ ಎಂಬ ಸೆಟ್ಟಿಂಗಿನಷ್ಟು, ಡೀಫಾಲ್ಟ್ ಆಗಿ (ನಾವು ಬದಲಿಸದಿದ್ದರೆ) 4 ಎಂಬಿ, ಬೇರೆ ಬಳಸಬಹುದು. ಮೈಎಸ್‌ಕ್ಯೂಎಲ್ ಪ್ರೋಸೆಸ್ ಬದಲು ಥ್ರೆಡ್ (ಒಂದೇ ಪ್ರೋಸೆಸ್‌ನೊಳಗಿನ ಒಂದು ಎಳೆ) ಕೊಡುತ್ತದೆ, ಅದು ಹಗುರ. ಏನೇ ಇದ್ದರೂ ಮಿತಿಯ ಅಂಕಿ ಒಂದು ಬೇಲಿ: ಇದಕ್ಕಿಂತ ಹೆಚ್ಚು ಜನ ಬಂದರೆ ಒಳಗಿದ್ದವರಿಗೂ ಉಸಿರು ಕಟ್ಟೀತು ಎಂದು ಹಾಕಿದ್ದು. ಸೆಟ್ಟಿಂಗಿನಲ್ಲಿ 100ನ್ನು 1,000 ಮಾಡುವುದು ಒಂದು ನಿಮಿಷದ ಕೆಲಸ. ಬೇಲಿ ಆಚೆಗೆ ಸರಿಯುತ್ತದೆ, ಹೊಲ ದೊಡ್ಡದಾಗುವುದಿಲ್ಲ.

ಸರ್ವರಿಗೆ ನಿಜಕ್ಕೂ ಎಷ್ಟು ಕನೆಕ್ಷನ್ ಬೇಕು ಎಂದು ಲೆಕ್ಕ ಹಾಕಲು ಒಂದು ಹಳೆಯ ಸೂತ್ರವಿದೆ; ಜಾನ್ ಲಿಟ್ಲ್ ಅದಕ್ಕೆ 1961ರಲ್ಲಿ ಪುರಾವೆ ಕೊಟ್ಟರು. ಸೆಕೆಂಡಿಗೆ ಎಷ್ಟು ಬೇಡಿಕೆ ಬರುತ್ತದೆ ಎಂಬುದನ್ನು, ಒಂದೊಂದು ಬೇಡಿಕೆ ಎಷ್ಟು ಸೆಕೆಂಡು ಒಳಗಿರುತ್ತದೆ ಎಂಬುದರಿಂದ ಗುಣಿಸಿದರೆ, ಯಾವುದೇ ಹೊತ್ತಿನಲ್ಲಿ ಸರಾಸರಿ ಎಷ್ಟು ಬೇಡಿಕೆ ಒಳಗಿರುತ್ತವೆ ಎಂಬುದು ಸಿಗುತ್ತದೆ. ಅಷ್ಟೇ. ಸೆಕೆಂಡಿಗೆ 250 ಬೇಡಿಕೆ, ಒಂದೊಂದೂ ಕನೆಕ್ಷನನ್ನು 20 ಮಿಲಿಸೆಕೆಂಡು ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. 250ನ್ನು 0.02ರಿಂದ ಗುಣಿಸಿ: 5. ಐದೇ ಕನೆಕ್ಷನ್! ಏರುಪೇರಿಗೆಂದು ನಾಲ್ಕು ಪಟ್ಟು ಇಟ್ಟುಕೊಂಡರೂ 20.

ಈಗ ಯಾರೋ ಒಬ್ಬರು ಒಂದು ಇಂಡೆಕ್ಸ್ (ಬೇಗ ಹುಡುಕಲು ಇಟ್ಟ ಸೂಚಿ) ತೆಗೆದುಹಾಕಿದರು, ಅಥವಾ ಟೇಬಲ್ ಬೆಳೆದು ಹಳೆಯ ಪ್ಲಾನ್ (ಕ್ವೆರಿಯನ್ನು ನಡೆಸುವ ಕ್ರಮ) ಕೆಟ್ಟಿತು ಎನ್ನಿ. ಅದೇ ಕ್ವೆರಿಗೆ ಈಗ 2 ಸೆಕೆಂಡು ಬೇಕು. ಜನ ಹೆಚ್ಚಾಗಿಲ್ಲ, ಸೆಕೆಂಡಿಗೆ ಅದೇ 250. ಆದರೆ ಗುಣಾಕಾರ ಈಗ 500 ಕೊಡುತ್ತದೆ. ನಿನ್ನೆ 5 ಸಾಕಾಗುತ್ತಿದ್ದ ಕಡೆ ಇವತ್ತು 500. ಮೈಎಸ್‌ಕ್ಯೂಎಲ್‌ನ 151 ಒಂದು ಸೆಕೆಂಡೂ ತಡೆಯದೆ ತುಂಬುತ್ತದೆ, 1040 ಬರುತ್ತದೆ, 'ಯೂಸರ್ ಜಾಸ್ತಿಯಾದರು' ಎಂಬ ತೀರ್ಮಾನವಾಗುತ್ತದೆ. ಜಾಸ್ತಿಯಾದದ್ದು ಯೂಸರ್ ಅಲ್ಲ, ಒಬ್ಬೊಬ್ಬರು ಒಳಗಿರುವ ಹೊತ್ತು. ಇಂಥ ಹೊತ್ತಿನಲ್ಲಿ ಮಿತಿಯನ್ನು 1,000ಕ್ಕೆ ಏರಿಸಿದರೆ, ನಿಧಾನದ ಕ್ವೆರಿಗಳು ಇನ್ನಷ್ಟು ಒಳಬಂದು, ಅದೇ ಡಿಸ್ಕಿಗೆ, ಅದೇ ಕೋರ್‌ಗಳಿಗೆ ಕಿತ್ತಾಡಿ, 2 ಸೆಕೆಂಡಿನದು 6 ಆಗುತ್ತದೆ. ಗುಣಾಕಾರ ಮತ್ತೆ ಬೆಳೆಯುತ್ತದೆ. ಕನೆಕ್ಷನ್ ಸಮಸ್ಯೆ ಎಂದು ಕರೆಯುವುದರ ಬಹುಭಾಗ ಇದೇ, ಕಾಲದ ಸಮಸ್ಯೆ, ಎಂಬುದು ನನ್ನ ನಂಬಿಕೆ.

ಇನ್ನೊಂದು ಭಾಗ ಮರೆವಿನದು. ಪ್ರೋಗ್ರಾಮರ್ ಕನೆಕ್ಷನ್ ತೆರೆದು ಕೆಲಸ ಮುಗಿಸಿ ಮುಚ್ಚುವುದನ್ನು ಮರೆತಿರುತ್ತಾರೆ. ಎಲ್ಲ ಸಲವೂ ಅಲ್ಲ, ದೋಷ ಬಂದಾಗ ಹಾಯುವ ಒಂದೇ ಒಂದು ದಾರಿಯಲ್ಲಿ. ಹೀಗೆ ಒಂದೊಂದಾಗಿ ಸೋರುತ್ತವೆ. ಮೈಎಸ್‌ಕ್ಯೂಎಲ್‌ನಲ್ಲಿ ಸುಮ್ಮನಿರುವ ಕನೆಕ್ಷನನ್ನು ಸರ್ವರ್ ತಾನಾಗಿ ಕಡಿಯಲು ಕಾಯುವ ಡೀಫಾಲ್ಟ್ ಸಮಯ 28,800 ಸೆಕೆಂಡು, ಅಂದರೆ 8 ಗಂಟೆ. ಪೋಸ್ಟ್‌ಗ್ರೆಸ್‌ನಲ್ಲಿ ಇದಕ್ಕಿಂತ ಕೆಟ್ಟದ್ದು 'ಐಡಲ್ ಇನ್ ಟ್ರಾನ್ಸಾಕ್ಷನ್': ವ್ಯವಹಾರ ಶುರುಮಾಡಿ, ಮುಗಿಸದೆ, ಇತರರನ್ನು ಕಾಯಿಸುವ ಬೀಗಗಳನ್ನೂ ಹಿಡಿದುಕೊಂಡು ಕೂತಿರುವ ಕನೆಕ್ಷನ್. ಇಂಥವನ್ನು ತಾನಾಗಿ ಕಡಿಯುವ ಸೆಟ್ಟಿಂಗ್ 2016ರ 9.6 ಆವೃತ್ತಿಯಲ್ಲೇ ಬಂದಿದೆ, ಆದರೆ ಡೀಫಾಲ್ಟ್ ಆಗಿ ಅದು ಆಫ್ ಆಗಿರುತ್ತದೆ.

ಪೂಲ್‌ಗಳ ಕಥೆ ಮತ್ತೊಂದು. ಡಾಟ್‌ನೆಟ್‌ನ ಪೂಲ್ ಡೀಫಾಲ್ಟ್ ಆಗಿ 100ಕ್ಕೆ ನಿಲ್ಲುತ್ತದೆ, 15 ಸೆಕೆಂಡು ಕಾಯಿಸಿ ದೋಷ ಎಸೆಯುತ್ತದೆ. ಆ ದೋಷ ಹುಟ್ಟುವುದು ಅಪ್ಲಿಕೇಶನ್ನಿನೊಳಗೇ. ಅತ್ತ ಡೇಟಾಬೇಸ್ ಸರ್ವರ್ 32,767ರಲ್ಲಿ 100 ಬಳಕೆಯಾಗಿದೆ ಎಂದು ಆರಾಮಾಗಿ ಕೂತಿರುತ್ತದೆ. ಈ ದೂರಿನ ಸುದ್ದಿಯೇ ಅದಕ್ಕೆ ಮುಟ್ಟಿರುವುದಿಲ್ಲ. ಈ ಸ್ಥಿತಿಯಲ್ಲಿ ಎಂಟರ್‌ಪ್ರೈಸ್ ಎಡಿಷನ್ ತಂದು ಕೂರಿಸಿದವರು ಮರುದಿನ ಅದೇ ವಾಕ್ಯವನ್ನು ಮತ್ತೆ ಓದುತ್ತಾರೆ. ಜತೆಗೆ ಆ ಪೂಲ್ ಕನೆಕ್ಷನ್ ಸ್ಟ್ರಿಂಗಿಗೊಂದರಂತೆ (ಯಾವ ಸರ್ವರ್, ಯಾವ ಲಾಗಿನ್ ಎಂದು ಬರೆದ ಸಾಲಿಗೊಂದರಂತೆ) ಹುಟ್ಟುತ್ತದೆ. ಒಂದು ಕಡೆ ಸ್ಟ್ರಿಂಗಿನ ಪದಗಳ ಕ್ರಮ ಅದಲುಬದಲಾದರೂ ಸಾಕು, ಎರಡು ಪೂಲ್.

ಜಾವಾ ಲೋಕದ ಹಿಕಾರಿಸಿಪಿ ಪೂಲ್ ಡೀಫಾಲ್ಟ್ ಆಗಿ 10 ಕನೆಕ್ಷನ್ ಇಡುತ್ತದೆ. ಹತ್ತು ಎಂದರೆ ಸಾಧುವಾದ ಅಂಕಿ. ಆದರೆ ಅದು ಅಪ್ಲಿಕೇಶನ್ನಿನ ಒಂದು ಪ್ರತಿಗೆ. ಈಗ ಅಪ್ಲಿಕೇಶನ್ನುಗಳು ಕಂಟೇನರ್‌ಗಳಲ್ಲಿ (ಬೇಕೆಂದಾಗ ನಕಲು ಮಾಡಬಹುದಾದ ಪೊಟ್ಟಣಗಳಲ್ಲಿ) ಓಡುತ್ತವೆ, ಭಾರ ಬಂದಾಗ ತಾವಾಗಿ ಮರಿ ಹಾಕುತ್ತವೆ. 40 ಪ್ರತಿಗಳಾದರೆ 400 ಕನೆಕ್ಷನ್. ಭಾರ ಬಂದದ್ದು ಡೇಟಾಬೇಸ್ ನಿಧಾನವಾದ್ದರಿಂದಲೇ ಆಗಿದ್ದರೆ, ಮರಿಗಳು ಹೆಚ್ಚಾದಷ್ಟೂ ಅದು ಇನ್ನೂ ನಿಧಾನ. ಸರ್ವರ್‌ಲೆಸ್ ಫಂಕ್ಷನ್‌ಗಳಲ್ಲಂತೂ (ಬೇಡಿಕೆ ಬಂದಾಗ ಮಾತ್ರ ಕ್ಲೌಡ್‌ನಲ್ಲಿ ಓಡುವ ಪುಟ್ಟ ಪ್ರೋಗ್ರಾಂಗಳಲ್ಲಂತೂ) ಪೂಲ್ ಹಂಚಿಕೊಳ್ಳುವ ಮಾತೇ ಕಷ್ಟ: ಅಮೆಜಾನ್‌ನ ಎಡಬ್ಲ್ಯುಎಸ್ ಲ್ಯಾಂಬ್ಡಾದಲ್ಲಿ ಒಂದು ಖಾತೆಗೆ ಒಂದು ಪ್ರದೇಶದಲ್ಲಿ ಡೀಫಾಲ್ಟ್ ಆಗಿ 1,000 ಫಂಕ್ಷನ್ ಏಕಕಾಲಕ್ಕೆ ಓಡಬಹುದು, ಒಂದೊಂದೂ ತನ್ನದೇ ಕನೆಕ್ಷನ್ ಕೇಳಬಹುದು.

ಇದಕ್ಕೆ ಮದ್ದು ಡೇಟಾಬೇಸಿನ ಬಾಗಿಲಲ್ಲೇ ಒಂದು ಪೂಲ್ ಕೂರಿಸುವುದು. ಪೋಸ್ಟ್‌ಗ್ರೆಸ್‌ಗೆ ಪಿಜಿಬೌನ್ಸರ್ ಹಳೆಯ ಕೈ. ಟ್ರಾನ್ಸಾಕ್ಷನ್ ಮೋಡ್‌ನಲ್ಲಿ ಅದು ಒಂದು ವ್ಯವಹಾರ ಮುಗಿದ ಕೂಡಲೇ ಕನೆಕ್ಷನನ್ನು ಕಿತ್ತು ಮುಂದಿನವರಿಗೆ ಕೊಡುತ್ತದೆ. ಸಾವಿರಾರು ಜನ ಹೊರಗೆ, ಇಪ್ಪತ್ತೇ ಕನೆಕ್ಷನ್ ಒಳಗೆ. ಕಷ್ಟವೂ ಉಂಟು: ಸೆಷನ್‌ನಲ್ಲಿ ನೆನಪಿಡುವ ಸೆಟ್ಟಿಂಗುಗಳು, ತಾತ್ಕಾಲಿಕ ಟೇಬಲ್‌ಗಳು ಈ ಮೋಡ್‌ನಲ್ಲಿ ನಂಬಿಕೆಗೆ ಅರ್ಹವಲ್ಲ, ಪ್ರಿಪೇರ್ಡ್ ಸ್ಟೇಟ್‌ಮೆಂಟ್‌ಗಳಿಗೆ (ಮೊದಲೇ ಸಿದ್ಧಮಾಡಿಟ್ಟ ಕ್ವೆರಿಗಳಿಗೆ) ಬೆಂಬಲ ಬಂದದ್ದೇ 2023ರ 1.21 ಆವೃತ್ತಿಯಲ್ಲಿ. ಮತ್ತೆ ನೆನಪಿರಲಿ, ಈ ಪೂಲ್‌ನಿಂದ ಯಂತ್ರದ ಹೊರೆ ಇಳಿಯುತ್ತದೆ. ಯೂಸರ್ ಎಣಿಸುವ ಲೈಸೆನ್ಸಿನ ಹೊರೆ ಒಂದು ಗುಂಜಿಯೂ ಇಳಿಯುವುದಿಲ್ಲ.

ಎರಡು ಲೆಕ್ಕಗಳು ಕೂಡುವ ಜಾಗ

ಇಷ್ಟು ಹೇಳಿ, ಲೈಸೆನ್ಸಿಗೂ ಕನೆಕ್ಷನಿಗೂ ಸಂಬಂಧವೇ ಇಲ್ಲ ಎಂದುಬಿಟ್ಟರೆ ಅದೂ ಸುಳ್ಳಾದೀತು. ನೇರ ಸಂಬಂಧವಿಲ್ಲ, ಬಳಸುದಾರಿ ಒಂದಿದೆ.

ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್‌ಗೆ ಮುಂಚೆ ಎಂಎಸ್‌ಡಿಇ ಎಂಬ ಪುಕ್ಕಟೆ ಆವೃತ್ತಿಯಿತ್ತು. ಅದಕ್ಕೆ 'ಐದು ಯೂಸರ್‌ಗಳ ಮಿತಿ' ಇದೆ ಎಂಬ ಮಾತು ಎಷ್ಟು ಹಬ್ಬಿತ್ತೆಂದರೆ, ಈಗಲೂ ಕೆಲವರ ಬಾಯಲ್ಲಿ ಕೇಳಿಬರುತ್ತದೆ. ಅಲ್ಲಿ ಅಂಥ ಮಿತಿ ಇರಲೇ ಇಲ್ಲ. ಇದ್ದದ್ದು ವರ್ಕ್‌ಲೋಡ್ ಗವರ್ನರ್: ಎಂಎಸ್‌ಡಿಇ 2000ದಲ್ಲಿ ಏಕಕಾಲಕ್ಕೆ 8ಕ್ಕಿಂತ ಹೆಚ್ಚು ಕೆಲಸಗಳು ನಡೆದರೆ ಅದು ಬೇಕೆಂದೇ ಎಲ್ಲವನ್ನೂ ನಿಧಾನ ಮಾಡುತ್ತಿತ್ತು. ಕನೆಕ್ಷನ್‌ಗಳನ್ನು ತಡೆಯುತ್ತಿರಲಿಲ್ಲ. ಆದರೆ ಮೇಲಿನ ಗುಣಾಕಾರ ನೆನಪಿಸಿಕೊಳ್ಳಿ. ನಿಧಾನವಾದರೆ ಒಳಗಿರುವ ಹೊತ್ತು ಹೆಚ್ಚು, ಹೊತ್ತು ಹೆಚ್ಚಿದರೆ ಹಿಡಿದ ಕನೆಕ್ಷನ್‌ಗಳು ಹೆಚ್ಚು. ಲೈಸೆನ್ಸಿನ ಮಿತಿ ಹಿತ್ತಿಲ ಬಾಗಿಲಿನಿಂದ ಬಂದು ಕನೆಕ್ಷನ್ ಮಿತಿಯ ವೇಷ ಹಾಕುತ್ತಿತ್ತು. 2005ರ ಎಕ್ಸ್‌ಪ್ರೆಸ್‌ನಲ್ಲಿ ಗವರ್ನರ್ ಹೋಯಿತು. ಪ್ರೊಸೆಸರ್, ಮೆಮೊರಿ, ಡೇಟಾಬೇಸ್ ಗಾತ್ರಗಳ ಮೇಲಿನ ಮಿತಿ ಮಾತ್ರ ಉಳಿಯಿತು. 2022ರ ಆವೃತ್ತಿಯಲ್ಲಿ ಅದು 4 ಕೋರ್, ಬಫರ್ ಪೂಲ್‌ಗೆ (ಮಾಹಿತಿಯನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗಕ್ಕೆ) 1,410 ಎಂಬಿ, ಒಂದು ಡೇಟಾಬೇಸ್‌ಗೆ 10 ಜಿಬಿ. ಒರಾಕಲ್‌ನ ಸ್ಟ್ಯಾಂಡರ್ಡ್ ಎಡಿಷನ್ 2 ಎಷ್ಟೇ ದೊಡ್ಡ ಯಂತ್ರದಲ್ಲಿದ್ದರೂ 16 ಥ್ರೆಡ್‌ಗಿಂತ ಹೆಚ್ಚು ಬಳಸದು.

ಆದ್ದರಿಂದ ದೊಡ್ಡ ಎಡಿಷನ್ ಕೊಂಡಾಗ ಕನೆಕ್ಷನ್ ದೋಷ ನಿಂತುಹೋದ ಉದಾಹರಣೆಗಳು ಖಂಡಿತ ಸಿಗುತ್ತವೆ. ಮೆಮೊರಿ ಸಿಕ್ಕಿತು, ಕ್ವೆರಿಗಳು ಬೇಗ ಮುಗಿದವು, ಕನೆಕ್ಷನ್‌ಗಳು ಬೇಗ ಬಿಡುಗಡೆಯಾದವು. ಔಷಧ ನಿಜವೇ, ಆದರೆ ಅದು ಕೆಲಸ ಮಾಡಿದ್ದು ಕೊಂಡವರು ಎಣಿಸಿದ ಕಾರಣಕ್ಕಲ್ಲ. ಮುಂದಿನ ಸಲ ಕಾಯಿಲೆ ಬೇರೆಯಾಗಿರುತ್ತದೆ, ಔಷಧ ಮಾತ್ರ ಅದೇ.

ಇನ್ನು ಕ್ಲೌಡ್. ವರ್ಷಗಟ್ಟಲೆ ಬೇರೆಬೇರೆಯಾಗಿದ್ದ ಎರಡು ಲೆಕ್ಕಗಳನ್ನು ಮತ್ತೆ ಗಂಟು ಹಾಕಿದ್ದು ಅದೇ. ಅಮೆಜಾನ್‌ನ ಆರ್‌ಡಿಎಸ್ ಎಂಬ ಬಾಡಿಗೆ ಡೇಟಾಬೇಸ್ ಸೇವೆಯಲ್ಲಿ ಪೋಸ್ಟ್‌ಗ್ರೆಸ್ ತೆಗೆದುಕೊಂಡರೆ ಕನೆಕ್ಷನ್ ಮಿತಿಯ ಡೀಫಾಲ್ಟ್ ಒಂದು ಸೂತ್ರದಿಂದ ಬರುತ್ತದೆ: ಇನ್‌ಸ್ಟೆನ್ಸ್‌ನ ಮೆಮೊರಿಯ ಬೈಟ್‌ಗಳನ್ನು 95,31,392ರಿಂದ ಭಾಗಿಸು, 5,000 ದಾಟಿದರೆ 5,000ಕ್ಕೆ ನಿಲ್ಲಿಸು. 8 ಜಿಬಿ ಮೆಮೊರಿಗೆ ಸುಮಾರು 900. ಸಿಸ್ಟಮ್ ತನಗೆಂದು ಇಟ್ಟುಕೊಳ್ಳುವ ಮೆಮೊರಿ ಕಳೆದರೆ ಇನ್ನೂ ತುಸು ಕಡಿಮೆ. 16 ಜಿಬಿಗೆ ಹೆಚ್ಚುಕಡಿಮೆ ಅದರ ಎರಡರಷ್ಟು. ಮೆಮೊರಿಗೆ ಬೆಲೆಯಿದೆ, ಹಾಗಾಗಿ ಕನೆಕ್ಷನ್‌ಗೂ ಬೆಲೆ ಬಂತು. ಮೈಕ್ರೋಸಾಫ್ಟ್‌ನ ಅಜೂರ್ ಎಸ್‌ಕ್ಯೂಎಲ್‌ನಲ್ಲಿ ಇದು ಇನ್ನೂ ನೇರ: ಅತಿ ಕೆಳಗಿನ ಬೇಸಿಕ್ ಹಂತಕ್ಕೆ ಹೆಚ್ಚೆಂದರೆ 300 ಸೆಷನ್, ಆದರೆ ಏಕಕಾಲಕ್ಕೆ ಕೆಲಸ ಮಾಡುವ ವರ್ಕರ್‌ಗಳು 30 ಮಾತ್ರ. ಮುನ್ನೂರು ಜನ ಒಳಗೆ ಕೂರಬಹುದು, ಮೂವತ್ತಕ್ಕಿಂತ ಹೆಚ್ಚು ಬೇಡಿಕೆ ಒಟ್ಟಿಗೆ ಓಡುವಂತಿಲ್ಲ. ಮೇಲಿನ ಹಂತ ಕೊಂಡರೆ ಅಂಕಿ ಏರುತ್ತದೆ. 1990ರ ದಶಕದ 'ಕನೆಕ್ಷನ್‌ಗೆ ಇಷ್ಟು' ಎಂಬ ಪದ್ಧತಿ ಬೇರೆ ಅಂಗಿ ತೊಟ್ಟು ವಾಪಸ್ ಬಂದಿದೆ ಎಂದು ನನಗನ್ನಿಸುವುದು ಇಲ್ಲಿ. ವ್ಯತ್ಯಾಸವಿಷ್ಟೇ: ಆಗ ಮಿತಿ ಮುಟ್ಟುವುದಕ್ಕೆ ನಿಜವಾದ ಮನುಷ್ಯರು ಬೇಕಿತ್ತು. ಈಗ ಸರಿಯಾಗಿ ಹೊಂದಿಸದ ಒಂದು ಪೂಲ್ ಸಾಕು.

ಆದ್ದರಿಂದ ಹಂತ ಏರಿಸುವ ಗುಂಡಿ ಒತ್ತುವ ಮೊದಲು ಸರ್ವರನ್ನೇ ಕೇಳುವುದು ಒಳ್ಳೆಯದು. ಮೈಎಸ್‌ಕ್ಯೂಎಲ್‌ನಲ್ಲಿ ಥ್ರೆಡ್ಸ್ ಕನೆಕ್ಟೆಡ್ ಎಂಬ ಅಂಕಿಯ ಪಕ್ಕದಲ್ಲೇ ಥ್ರೆಡ್ಸ್ ರನ್ನಿಂಗ್ ಇದೆ. ಮೊದಲನೆಯದು 148, ಎರಡನೆಯದು 4 ಎಂದಿದ್ದರೆ 144 ಕನೆಕ್ಷನ್‌ಗಳು ಸುಮ್ಮನೆ ಕುಳಿತಿವೆ. ಪೂಲ್‌ಗಳ ಗಾತ್ರ ಕೂಡಿಸಿ ನೋಡಬೇಕು, ಸೋರಿಕೆ ಹುಡುಕಬೇಕು. ಎರಡೂ 140ರ ಆಸುಪಾಸಿದ್ದರೆ ಕ್ವೆರಿ ನಿಧಾನವಾಗಿದೆ ಅಥವಾ ಯಾವುದೋ ಬೀಗಕ್ಕೆ ಎಲ್ಲ ಕಾಯುತ್ತಿವೆ. ಪೋಸ್ಟ್‌ಗ್ರೆಸ್‌ನಲ್ಲಿ ಪಿಜಿ ಸ್ಟ್ಯಾಟ್ ಆ್ಯಕ್ಟಿವಿಟಿಯ ಸ್ಟೇಟ್ ಕಾಲಂ ಇದೇ ಕಥೆ ಹೇಳುತ್ತದೆ. ಒರಾಕಲ್‌ನ ವಿ ಡಾಲರ್ ರಿಸೋರ್ಸ್ ಲಿಮಿಟ್ ಎಂಬ ನೋಟದಲ್ಲಿ, ಸರ್ವರ್ ಶುರುವಾದಾಗಿನಿಂದ ಅತಿ ಹೆಚ್ಚೆಂದರೆ ಎಷ್ಟು ಪ್ರೋಸೆಸ್ ಬಳಕೆಯಾದವು ಎಂಬುದೂ ಸಿಗುತ್ತದೆ. ಈ ಯಾವುದಕ್ಕೂ ದುಡ್ಡು ಕೊಡಬೇಕಿಲ್ಲ.

ಹೀಗೆ ನೋಡಿ ಪೂಲ್‌ಗಳನ್ನು 400ರಿಂದ 40ಕ್ಕೆ ಇಳಿಸಿ, ಕಳೆದುಹೋಗಿದ್ದ ಇಂಡೆಕ್ಸ್ ಮರಳಿ ಹಾಕಿದ ಮೇಲೆ, ಪ್ರೊಸೆಸರಿನ ಬಳಕೆ ಎಷ್ಟಕ್ಕೆ ಇಳಿಯಿತು ಎಂಬುದನ್ನೂ ಒಂದು ತಿಂಗಳು ಬರೆದಿಡಿ. 16 ಕೋರ್‌ನ ವರ್ಚುವಲ್ ಮಷೀನು 8ಕ್ಕೆ ಇಳಿಯಬಹುದಾದರೆ ಎಸ್‌ಕ್ಯೂಎಲ್ ಸರ್ವರಿನ ಎರಡು ಕೋರ್‌ಗಳ ಕಟ್ಟುಗಳು ಎಂಟರಿಂದ ನಾಲ್ಕಕ್ಕೆ ಬರುತ್ತವೆ. ಆ ಅಂಕಿ ಕೈಯಲ್ಲಿರಬೇಕಾದದ್ದು ಲೈಸೆನ್ಸ್ ನವೀಕರಣದ ದಿನಾಂಕಕ್ಕೆ ಮೊದಲು, ಆಮೇಲಲ್ಲ.